ನಾನು ಓಡಿಸಬೇಕಾದ ಕಾರು

ಭಾನುವಾರ, 16 ನವೆಂಬರ್ 2025. ಬೀದರ್.

ಕಾರಿನ ವಿಷಯ ಇವತ್ತೂ ತೀರಲಿಲ್ಲ. ನೋಡಿಟ್ಟ ಎರಡೂ ಹೈಬ್ರಿಡ್, ಎರಡೂ ಸಣ್ಣ ಎಸ್‌ಯುವಿ. ಒಂದಕ್ಕೆ ಮೈಲೇಜು ಜಾಸ್ತಿ, ಇನ್ನೊಂದು ನೆಲದಿಂದ ಎತ್ತರ. ದಿನಾ ಔರಾದ್ ಕಡೆಯ ಹಳ್ಳಿಗಳಿಗೆ ಹೋಗುವ ದನದ ಡಾಕ್ಟರು ನಾನು. ಠಾಣಾ ಕುಶನೂರಿನ ಆಚೆ ಹೊಲದ ದಾರಿ ಹೇಗಿದೆ ಎಂದು ಗೊತ್ತು. ಎತ್ತರದ್ದೇ ಬೇಕೆಂದು ಮೊದಲೇ ಅಂದುಕೊಂಡಿದ್ದೆ.

ಆದರೆ ಇವತ್ತು ಓಡಿಸಿ ನೋಡಲು ಹೋದಾಗ ಶೋರೂಮಿನವನು ಅದರ ಕೀಲಿ ಕೊಟ್ಟದ್ದು ನನ್ನ ಗಂಡನ ಕೈಗೆ. ನನ್ನನ್ನು ಹಿಂದೆ ಕೂರಿಸಿ, "ಮೇಡಂ, ಬಣ್ಣ ಯಾವ್ದು ಬೇಕ್ರಿ?" ಎಂದ. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದವಳು ನಾನು, ಉತ್ತರ ಹೇಳಿದ್ದು ಇವರಿಗೆ. ಜನವಾಡದ ರಸ್ತೆಯಲ್ಲಿ ತಡೆಯಲಾಗಲಿಲ್ಲ.

"ಗಾಡಿ ನಿಂದ್ರಸ್ರಿ. ದಿನಾ ಓಡ್ಸಾಕಿ ನಾನು."

ಓಡಿಸಿದೆ. ಬ್ಯಾಟರಿಯ ಮೇಲೆ ಸದ್ದಿಲ್ಲದೆ ಹೊರಟಾಗ ಮನಸ್ಸು ಹಗುರಾಯಿತು. ಇದೇ ಎಂದು ಒಳಗೇ ಗಟ್ಟಿ ಮಾಡಿಕೊಂಡೆ.

ಸಂಜೆ ಇವರು ಭಾಲ್ಕಿಯಲ್ಲಿರುವ ಮೈದುನನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಎತ್ತರಿದ್ದದ್ದೇ ಪಕ್ಕಾ ಮಾಡೀನಪ್ಪ. ಆಕಿಗೇನ್ ತಿಳಿತದ, ನಾನೇ ನೋಡಿ ಆರ್ಸೀನಿ."

ಊಟಕ್ಕೆ ಕೂತಾಗ, "ಅದು ನನಗ ಬ್ಯಾಡ್ರಿ" ಎಂದುಬಿಟ್ಟೆ.

"ಯಾಕ? ಛಲೋ ಅದಲ್ಲ?"

ಬೇಕಾದದ್ದನ್ನೇ ಬೇಡವೆಂದು ಹಟ ಹಿಡಿದು ಕುಳಿತಿದ್ದೇನೆ. ನಾಳೆ ಒಬ್ಬಳೇ ಹೋಗಿ ನನ್ನ ಹೆಸರಿನಲ್ಲಿ ಅದನ್ನೇ ಬುಕ್ ಮಾಡಬಹುದು. ಆಗ ಇವರು, "ನಾ ಅಂದಿದ್ದೇ ಆತಲ್ಲ" ಎಂದು ನಗುತ್ತಾರೆ. ಕಾರು ಬೇಕು. ಆ ನಗು ಮಾತ್ರ ನನಗೆ ಬೇಡ.