ಶನಿವಾರದ ಗಾಳಿ

ಹೌಕಿನಿಯೆಮಿ,
೧೦ ಮಾರ್ಚ್ ೧೯೯೬, ಭಾನುವಾರ

ಪ್ರೀತಿಯ ತಾಪಿಯೊ ಅಣ್ಣನಿಗೆ,

ಹೇಗಿದ್ದೀಯ? ಹಡಗಿನ ಕೆಲಸದಲ್ಲಿ ಬೆನ್ನುನೋವು ಕಾಡುತ್ತಿಲ್ಲ ತಾನೆ? ಉಣ್ಣೆಯ ಕಾಲುಚೀಲ ಕಳಿಸಿದ್ದೆ, ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಇಲ್ಲಿ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇದೆ. ಮೀನು ಹಿಡಿಯಲು ಹೋದ ಅಪ್ಪ ಮಂಜುಗಡ್ಡೆ ಒಡೆದು ಮುಳುಗಿದರಲ್ಲ, ಆ ಕಡೆಗೆ ನಾನು ಈಗಲೂ ನೋಡುವುದಿಲ್ಲ. ದೇಹವಾದರೂ ಸಿಕ್ಕಿದ್ದರೆ ಬೇರೆ ಮಾತು.

ನನ್ನ ಕೆಲಸ ನಿನಗೆ ಗೊತ್ತು. ಕಾಡಿನಲ್ಲಿ, ಜೌಗಿನಲ್ಲಿ, ನಮ್ಮ ಮನೆಯೆದುರಿನ ಮಂಜುಗಡ್ಡೆಯ ಮೇಲೆ ಒಂದೊಂದು ಕಂಬ ನೆಟ್ಟು ಗಾಳಿಯ ಸುಳಿಗಳನ್ನು ಅಳೆಯುತ್ತೇವೆ. ಅರ್ಧ ಗಂಟೆಯ ಅಳತೆಯನ್ನು ತುಂಡು ಮಾಡಿ ನೋಡುತ್ತೇವೆ. ತುಂಡುಗಳು ಇಡೀ ಅಳತೆಗೆ ಹೊಂದದಿದ್ದರೆ ಆ ಹೊತ್ತು ಗಾಳಿ ಒಂದೇ ಹದದಲ್ಲಿರಲಿಲ್ಲ ಎಂದರ್ಥ. ಮರಗಳ ನಡುವೆ ಎಷ್ಟೇ ತೊಳಲಾಡಿದರೂ ಕಾಡಿನ ಗಾಳಿ ಹದ ತಪ್ಪುತ್ತಿರಲಿಲ್ಲ. ನುಣುಪು ಮಂಜುಗಡ್ಡೆಯ ಮೇಲಿನದು ಮಾತ್ರ ಶನಿವಾರ ಸಂಜೆ, ದಡದ ಕಡೆಯಿಂದ ಬೀಸಿದಾಗಲೆಲ್ಲ ಕೆಡುತ್ತಿತ್ತು. ಜೊತೆಗೆ ಕೆಲಸ ಮಾಡುವ ಓಸ್ಮೊ, "ನಿಮ್ಮಪ್ಪ ಓಡಾಡ್ತಿರ್ಬೇಕು ಕಣೇ" ಎಂದು ನಕ್ಕ. ನನ್ನ ಮುಖ ನೋಡಿ, "ತಪ್ಪಾಯ್ತು, ಬಿಡು" ಎಂದ. ಆ ಮಾತು ನನ್ನನ್ನು ಬಿಡಲಿಲ್ಲ.

ಕಳೆದ ತಿಂಗಳು ಒಂದು ಶನಿವಾರ ಕಂಬದ ಬಳಿಯೇ ನಿಂತೆ. ಕೆನ್ನೆಗೆ ಉಸಿರಿನಂಥ ಬಿಸಿ ತಾಗಿತು, ಹೋಯಿತು, ಮತ್ತೆ ತಾಗಿತು. ಸೌದೆಯ ವಾಸನೆ. ತಿರುಗಿ ನೋಡಿದರೆ, ಪ್ರತಿ ಶನಿವಾರ ನಾವೆಲ್ಲ ಹಬೆಸ್ನಾನ ಮಾಡುತ್ತಿದ್ದ, ಅಪ್ಪ ಹೋದಂದಿನಿಂದ ಬೀಗ ಹಾಕಿದ್ದ ದಡದ ಸೌನಾ ಮನೆಯಿಂದ ಹೊಗೆ! ಓಡಿ ಹೋಗಿ ಬಾಗಿಲು ತೆಗೆದೆ. ಒಳಗೆ ಅಮ್ಮ ಒಬ್ಬಳೇ. ಕಾದ ಕಲ್ಲುಗಳ ಮೇಲೆ ನೀರು ಚೆಲ್ಲುತ್ತಾ, ಮೇಲಿನ ಖಾಲಿ ಹಲಗೆಯ ಕಡೆ ನೋಡಿ, "ಸಾಕೇನ್ರೀ? ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಕೇಳುತ್ತಿದ್ದಳು. ನನ್ನನ್ನು ಕಂಡು, "ಬಾಗ್ಲು ಹಾಕೇ, ಅವ್ರಿಗೆ ಚಳಿ ಆಗತ್ತೆ. ಎಷ್ಟು ದಿನದಿಂದ ಆ ನೀರಲ್ಲಿದಾರೆ" ಎಂದಳು. ಬಾಗಿಲು ಹಾಕಿ ಕೆಳಗಿನ ಹಲಗೆಯ ಮೇಲೆ ಕೂತೆ. ಮೇಲೆ ಕೂರುವ ಧೈರ್ಯವಾಗಲಿಲ್ಲ. ಈಗ ಪ್ರತಿ ಶನಿವಾರ ನಾನೂ ಹೋಗುತ್ತೇನೆ. ಸೌನಾದ ಬಿಸಿಗಾಳಿಯಿಂದ ಅಳತೆ ಕೆಡುತ್ತಿದೆ ಎಂದಷ್ಟೇ ಓಸ್ಮೊಗೆ ಹೇಳಿದೆ. ಆ ಹೊತ್ತಿನ ಅಳತೆಗಳನ್ನು ಕೈಬಿಟ್ಟಿದ್ದೇವೆ.

ಜೋಪಾನ ಅಣ್ಣಾ, ಟೋಪಿಯಿಲ್ಲದೆ ಹೊರಗೆ ನಿಲ್ಲಬೇಡ.

ನಿನ್ನ ತಂಗಿ,
ಹಿಲ್ಕಾ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದಿದ್ದೆ. ನಿನ್ನೆ ಅಮ್ಮ ಅದೇ ಖಾಲಿ ಹಲಗೆಯತ್ತ ನೋಡಿ, "ತಾಪಿಯೊ, ಅಪ್ಪನ ಪಕ್ಕಕ್ಕೆ ಸರ್ಕೋ ಮಗಾ, ಜಾಗ ಇದೆ" ಎಂದಳು. ಅಣ್ಣ ಬದುಕಿದ್ದಾನೆ, ಹಡಗಿನಲ್ಲಿದ್ದಾನೆ ಎಂದೆ. "ಇದ್ದಿದ್ರೆ ಇಷ್ಟು ದಿನ ಒಂದ್ಸಲನಾದ್ರೂ ಫೋನ್ ಮಾಡ್ತಿರ್ಲಿಲ್ವಾ?" ಎಂದಳು. ಯಾವ ಬಂದರಿನಿಂದಾದರೂ ಸರಿ, ಫೋನ್ ಮಾಡು. ನನಗೂ ಭಯವಾಗುತ್ತಿದೆ.