ಹಂಚು ಬಡಿದರೆ ಸದ್ದು ಬರಬೇಕು

ಬಂಗಾರಪೇಟೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ಮಗಳೇ ನವ್ಯಾ,

ಹೇಗಿದ್ದೀಯಮ್ಮ? ಧಾರವಾಡದಲ್ಲಿ ಚಳಿ ಶುರುವಾಗಿದೆಯಂತೆ, ಸ್ವೆಟರ್ ಹಾಕಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲೇ ಮಡಚಿಟ್ಟಿದ್ದೀಯೋ? ಹಾಸ್ಟೆಲ್ಲಿನ ಜೋಳದ ರೊಟ್ಟಿ ಈಗಲಾದರೂ ರೂಢಿಯಾಯಿತೆ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನನ್ನ ಗಂಟಲಿನ ಹೊಲಿಗೆ ಒಣಗಿದೆ, ಗಡ್ಡೆಯ ಬೇರೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮುದ್ದೆ ಸಲೀಸಾಗಿ ಇಳಿಯುತ್ತದೆ. ಕೋಲಾರದ ಕಡೆಯವನಿಗೆ ಇನ್ನೇನು ಬೇಕು?

ಇದನ್ನೆಲ್ಲ ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಆದರೆ ನಾನು ಒಂದು ಸಾಲು ಒತ್ತುವುದರೊಳಗೆ ನಿನ್ನದು ಹತ್ತು ಸಾಲು ಬಂದು ಬೀಳುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. “ಮಾತೇ ಆಡಕ್ಕಾಗ್ದೆ ಅಪ್ಪ ಎಂಗೆ ಯಾಪಾರ ಮಾಡ್ತಾನೆ? ನಾನ್ ಓದೋದ್ ಬಿಟ್ಟು ಬತ್ತೀನಿ, ಪೇಟೇಲಿ ಯಾವ್ದಾದ್ರೂ ಅಂಗ್ಡಿ ಸೇರ್ಕೋತೀನಿ” ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಆ ಮಾತು ನನಗೆ ಆಪರೇಷನ್ನಿಗಿಂತ ಹೆಚ್ಚು ನೋವು ಕೊಟ್ಟಿತು. ಹೇಗೆ ಮಾಡುತ್ತೇನೆ ಎಂದು ಹೇಳುತ್ತೇನೆ, ಕೇಳು.

ಹಂಚಿನ ಕಂಪನಿಯವರು ಗೋಡೌನಿನಲ್ಲಿ ಕೂರಿಸುತ್ತೇವೆ ಎಂದರು. ಒಲ್ಲೆ ಎಂದು ಚೀಟಿ ಬರೆದುಕೊಟ್ಟು, ಹಂಚುಗಳ ಚೀಲ ಹೊತ್ತು ಮಾರಿಕುಪ್ಪಂ ರೈಲು ಹತ್ತಿದೆ. ಅದೇ ಬೀಡು ಕಬ್ಬಿಣದ ಪಡ್ಡಿನ ಹಂಚು. ಹಳ್ಳಿಗಳಲ್ಲಿ ಪಡ್ಡು, ಆಂಧ್ರದ ಗಡಿಯಲ್ಲಿ ಪೊಂಗನಾಲು, ಚಿನ್ನದ ಗಣಿಯ ತಮಿಳರಿರುವ ಚಾಂಪಿಯನ್ ರೀಫ್ಸಿನಲ್ಲಿ ಪಣಿಯಾರಂ ಎಂದು ಮೂರು ಭಾಷೆಯಲ್ಲಿ ಕೂಗಿ ಕೂಗಿಯೇ ಇಷ್ಟು ವರ್ಷ ಸಂಸಾರ ನಡೆಸಿದವನು ನಾನು. ಅವತ್ತು ಚಾಂಪಿಯನ್ ರೀಫ್ಸಿನ ಲೈನ್ ಮನೆಗಳ ಮುಂದೆ ನಿಂತು ಅಭ್ಯಾಸದಂತೆ ಕೂಗಲು ಹೋದೆ. ಬಾಯಿ ತೆರೆದರೆ ಬರೀ ಗಾಳಿ ಬಂತು. ಹಾಗೇ ವಾಪಸು ರೈಲು ಹತ್ತಿಬಿಡೋಣ ಅನ್ನಿಸಿತು. ಆಮೇಲೆ, ಒಡಕಿಲ್ಲ ಎಂದು ತೋರಿಸಲು ಗಿರಾಕಿಗಳ ಮುಂದೆ ಬಡಿಯುತ್ತೇವಲ್ಲ, ಹಾಗೆ ಸೌಟಿನಿಂದ ಹಂಚಿಗೆ ಟಣ್ ಎಂದು ಬಾರಿಸಿದೆ. ಹಳೇ ಗಿರಾಕಿ ವನಿತಕ್ಕ ಹೊರಗೆ ಬಂದರು. ಬೆಲೆಯನ್ನು ಹಂಚಿನ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. “ನೂರ್ ರೂಪಾಯಿ ಕಮ್ಮಿ ಮಾಡ್ಕೋ ಅಣ್ಣಾ” ಎಂದರು. ನಾನು ಸುಮ್ಮನೆ ನಿಂತೆ. “ಸರಿ, ಐವತ್ತು?” ಆಗಲೂ ಸುಮ್ಮನೆ ನಿಂತೆ. “ಏನಣ್ಣಾ, ಇಷ್ಟೊಂದ್ ಪಿಡಿವಾದಂ, ಇಷ್ಟೊಂದ್ ಹಟ! ಆಯ್ತು, ನೀನ್ ಯೋಳ್ದಷ್ಟೇ ಕೊಡ್ತೀನಿ” ಎಂದು ದುಡ್ಡು ತಂದರು. ನಾನೇನು ಹೇಳಿದ್ದೆ ತಾಯಿ! ಮೊದಲಾಗಿದ್ದರೆ ಎರಡನೇ ಮಾತಿಗೇ ಕರಗಿ ನಾನೇ ಇಳಿಸಿಬಿಡುತ್ತಿದ್ದೆ. ಅವತ್ತು ರಾತ್ರಿ ಇದನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಅಮ್ಮ ಓದಿ, “ಮೊದಲಿಂದ್ಲೂ ಬಾಯ್ ಮುಚ್ಕೊಂಡಿದ್ದಿದ್ರೆ ಇಷ್ಟೊತ್ಗೆ ಮೇಲೊಂದು ಮಾಳಿಗೆ ಎತ್ಬೋದಾಗಿತ್ತು” ಎಂದು ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದು ಅವತ್ತೇ.

ವ್ಯಾಪಾರ ಮೊದಲಿನಷ್ಟಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಡೆಯುತ್ತದೆ, ನಡೆಸುತ್ತೇನೆ. ನೀನು ಕೃಷಿ ಕಾಲೇಜು ಸೇರಿದಾಗ ರೈಲಿನ ಡಬ್ಬಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವರು ಈಗಲೂ “ಮಗಳು ಎಂಗೌಳೆ?” ಎಂದು ಕೇಳುತ್ತಾರೆ. ನಾನು ಹೆಬ್ಬೆರಳು ಎತ್ತಿ ತೋರಿಸುತ್ತೇನೆ. ಆ ಬೆರಳು ಇಳಿಸುವ ಹಾಗೆ ಮಾಡಬೇಡಮ್ಮ. ಓದು ಮುಗಿಸಿಯೇ ಬಾ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಹುರಿಗಾಳು ಕಳಿಸುತ್ತಿದ್ದಾಳೆ, ಗೆಳತಿಯರಿಗೆಲ್ಲ ಹಂಚಿ ನೀನು ಖಾಲಿ ಡಬ್ಬ ನೋಡಿಕೊಂಡು ಕೂರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಮುನೇಶ್

ತಾ.ಕ.: ಅಂಚೆ ಡಬ್ಬಕ್ಕೆ ಹಾಕುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಮೂರು ತಿಂಗಳಲ್ಲಿ ಧ್ವನಿ ಬರುತ್ತದೆ ಎಂದು ಅಮ್ಮ ಹೇಳಿದ್ದು ನಿನ್ನ ಸಮಾಧಾನಕ್ಕೆ. ಅದು ಇನ್ನು ಬರುವುದಿಲ್ಲ ಕಂದಾ. ಯಾವ ಊರಲ್ಲಿದ್ದರೂ ಸಂಜೆ ಫೋನ್ ಮಾಡಿ “ಉಂಡ್ಯಾ ಮಗಾ?” ಎನ್ನುತ್ತಿದ್ದೆನಲ್ಲ, ಇನ್ನು ಮೇಲೆ ಅದನ್ನು ನೀನು ನನ್ನನ್ನು ಕೇಳಬೇಕು. ನೀನು “ಅಪ್ಪಾ, ಅಪ್ಪಾ” ಎನ್ನುತ್ತಿದ್ದರೆ ಓಗೊಡಲಾಗದೆ ನಿಲ್ಲುವುದು ನನ್ನಿಂದಾಗದು, ಅದಕ್ಕೇ ಇಷ್ಟು ದಿನ ಫೋನ್ ಎತ್ತಲಿಲ್ಲ. ಈ ಕಾಗದ ಸೇರಿದ ಸಂಜೆ ಮಾಡು, ಎತ್ತುತ್ತೇನೆ. ಪಕ್ಕದಲ್ಲಿ ಹಂಚು ಇಟ್ಟುಕೊಂಡಿರುತ್ತೇನೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಕಾಲೇಜು ಬಿಡಲಾ ಎಂದು ಒಮ್ಮೆ ಕೇಳಿ ನೋಡು, ಫೋನಿಲ್ಲದೆಯೇ ಧಾರವಾಡಕ್ಕೆ ಕೇಳಿಸುವ ಹಾಗೆ ಎರಡು ಬಡಿಯುತ್ತೇನೆ.