ಹಿತಕಬೇಳೆಯ ಡಬ್ಬಿ

ವರ್ತೂರು
19-1-1998, ಸೋಮವಾರ

ಪ್ರೀತಿಯ ಹೇಮಾ,

ನಿನಗೂ ನನ್ನ ಮೊಮ್ಮಗಳು ಐಶ್ವರ್ಯಾಗೂ ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ. ಸೊಂಟನೋವು ಈಗ ಹೇಗಿದೆ? ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಸಿಕೊಳ್ಳುವುದನ್ನು ಬಿಟ್ಟಿಲ್ಲ ತಾನೆ? ನೀನು ಬೆಳಿಗ್ಗೆ ಎದ್ದ ಕೂಡಲೇ ತಲೆಗೆ ಬಟ್ಟೆ ಕಟ್ಟದೆ ಹಿತ್ತಲಿಗೆ ಹೋಗುವವಳು. ಹರಿಹರದ ಹೊಳೆಗಾಳಿ ಬಾಣಂತಿಗೆ ಒಳ್ಳೆಯದಲ್ಲ, ನಿಮ್ಮ ಅವ್ವನ ಮಾತು ಕೇಳು. ಕೂಸು ಮಗ್ಗುಲಾಗುತ್ತಿದೆಯಾ? ನಾಮಕರಣದ ದಿನ ನನ್ನ ಮೂಗುತಿ ಹಿಡಿದು ಎಳೆದಿತ್ತಲ್ಲ, ಆ ಮೂಗು ಇನ್ನೂ ಮೊಮ್ಮಗಳನ್ನು ನೆನೆಯುತ್ತದೆ. ಬೀಗರಿಬ್ಬರಿಗೂ ನನ್ನ ಶರಣು ಹೇಳು.

ಈಗ ಸುದ್ದಿಗೆ ಬರುತ್ತೇನೆ. ಕೂಸಿನ ಜೊತೆ ಹರಿಹರದಲ್ಲೇ ಇರುತ್ತೇನೆ, ವರ್ತೂರಿಗೆ ಮಾತ್ರ ಕಾಲಿಡುವುದಿಲ್ಲ ಎಂದು ನೀನು ಬರೆದ ಕಾಗದ ಬಂತು. ನಿನ್ನ ಗಂಡ ಶಿವರಾಜ ಅದನ್ನು ಓದಿ, ಮೊಸರನ್ನ ಉಂಡು, ಮಾಲೀಕರು ವೆಂಕಟರಮಣಪ್ಪನವರ ಹತ್ತಿರ ಹೋಗಿ ತಿಂಗಳ ಕೊನೆಗೆ ಮನೆ ಬಿಡುತ್ತೇವೆ ಅಂದುಬಂದ. ಅವನು ಮಹದೇವಪುರದಲ್ಲಿ ಫ್ಯಾಕ್ಟರಿ ಗೆಳೆಯರ ರೂಮಿಗೆ, ನೀನು ಕೂಸು ಹರಿಹರದಲ್ಲಿ, ನಾನು ರಾಣೆಬೆನ್ನೂರಿಗೆ, ನಿನ್ನ ಭಾವ ಅಮರೇಶನ ಬೀಜದ ಅಂಗಡಿಯ ಹಿಂದಿನ ಮನೆಗೆ. ಒಂದು ಸಂಸಾರ, ಮೂರು ಊರು! ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲದ ಊರು ಅಂತ ನೀನು ಬರೆದದ್ದನ್ನು ನಾನು ಸುಳ್ಳು ಅನ್ನುವುದಿಲ್ಲ. ಎಂಟು ತಿಂಗಳು ಈ ಬೀದಿಯಲ್ಲಿ ನೀನು ಒಬ್ಬಳೇ ಇದ್ದೆ. ಆದರೆ ಅದು ಯಾಕೆ ಹಾಗಾಯಿತು ಅನ್ನುವುದು ನನಗೆ ಈಗ ಗೊತ್ತಾಗಿದೆ. ಅದನ್ನು ಕೇಳಿದ ಮೇಲೆ ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ನಾನು ದೀಪಾವಳಿ ಮುಗಿಸಿ ಬಂದಾಗ ಮಗನಿಗೆ ಅನ್ನ ಬೇಯಿಸಿ ಹಾಕಿ ಸುಮ್ಮನಿರಬೇಕು ಅಂತಲೇ ಬಂದದ್ದು. ಸುಮ್ಮನಿರುವುದು ನನ್ನ ಜಾಯಮಾನವೇ? ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಬೀದಿ ಕೊನೆಯ ನಲ್ಲಿಗೆ ಕೊಡ ಹಿಡಿದು ಹೋದೆ. ಮುಂದೆ ನಿಂತವರೆಲ್ಲ ಸರಿದು ಜಾಗ ಬಿಟ್ಟರು, ಮಾತು ಮಾತ್ರ ಇಲ್ಲ. ಅಲ್ಲಿ ನನ್ನನ್ನು ಮಾತಾಡಿಸಿದವಳು ಲಿಂಗಸುಗೂರಿನ ಕಡೆಯ ಮುದುಕವ್ವ ಅನ್ನುವವಳು ಒಬ್ಬಳೇ. ಅವಳ ಗಂಡ ಕಾಡಪ್ಪ ವೈಟ್‌ಫೀಲ್ಡ್ ಕಡೆ ಏಳುತ್ತಿರುವ ಗಾಜಿನ ಕಟ್ಟಡದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ, ಇವಳೂ ಇಟ್ಟಿಗೆ ಹೊರುತ್ತಾಳೆ. ನಮ್ಮ ಹಿತ್ತಲ ಗೋಡೆಯ ಆಚೆಗೆ, ನೀನು ಹೋದ ಮೇಲೆ ಎದ್ದ ತಗಡಿನ ಮನೆ ಅವರದು. ಸಂಜೆ ಅವಳು ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ನನಗೆ ಊರಲ್ಲೇ ಇದ್ದ ಹಾಗಾಗುತ್ತದೆ. ಈ ಕಡೆಯ ಜೋಳದ ಹಿಟ್ಟು ತಟ್ಟಿದರೆ ಹರಿಯುತ್ತದೆ ಅಂತ ನೀನು ಗೊಣಗುತ್ತಿದ್ದೆಯಲ್ಲ, ಅವಳು ಊರಿನಿಂದಲೇ ಜೋಳ ತರಿಸುತ್ತಾಳೆ, ನಮಗೂ ಒಂದು ಪಾಲು ಹೇಳಿಟ್ಟಿದ್ದೇನೆ.

ಸಂಕ್ರಾಂತಿಯ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬೀದಿಯ ಹೆಣ್ಣುಮಕ್ಕಳೆಲ್ಲ ತಟ್ಟೆ ತುಂಬ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದಾರೆ. ಬಲಗಡೆ ಮನೆಗೆ ಹೋದರು, ಎಡಗಡೆ ಮನೆಗೆ ಹೋದರು, ನಮ್ಮ ಬಾಗಿಲು ದಾಟಿ ಮುಂದಕ್ಕೆ. ಹಬ್ಬದ ದಿನ ಇದನ್ನು ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಏನ್ರವ್ವ, ಎಲ್ಲಾ ಮನಿಗೂ ಎಳ್ಳು ಹೊಂಟಾವ, ನಮ್ಮನಿ ಏನ್ ಪಾಪ ಮಾಡೈತಿ?" ಅಂದೆ. ಮಾಲೀಕರ ಹೆಂಡತಿ ಮುನಿರತ್ನಮ್ಮ ಅಲ್ಲೇ ನಿಂತರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ನಿಮ್ ಸೊಸೆ ನಮ್ಮನೇದು ಮುಟ್ಟಾಕಿಲ್ಲ ಕಣಮ್ಮ. ನಾವು ಇಂಥದ್ದು ತಿನ್ನಲ್ಲ ಅಂತ ಮುಖಕ್ಕೇ ಏಳ್ಬುಟ್ರು. ನಿಮ್ ಬಾಗ್ಲಿಗೆ ಬರೋಕೆ ನಮಗೆ ಎದರಿಕೆ" ಅಂದರು. ಮಾಂಸದ ಸಾರು ಕೊಟ್ಟರು ಅಂತ ನೀನು ಆಗಲೇ ನನಗೆ ಹೇಳಿದ್ದೆಯಲ್ಲ, ನಾನೂ ಬಿಡಲಿಲ್ಲ. ಲಿಂಗವಂತರು ಅಂತ ಗೊತ್ತಿದ್ದೂ ಹೊಸದಾಗಿ ಬಂದ ಹುಡುಗಿಗೆ ಬಾಡಿನ ಸಾರು ಕೊಡುವುದು ನ್ಯಾಯವಾ ಅಂತ ನೇರವಾಗಿ ಕೇಳಿದೆ. ಮುನಿರತ್ನಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವ್ನೆ, ಬಾಡೆಲ್ಲಿ ಬಂತು! ಅದು ಇತಕ್‌ಬೇಳೆ ಸಾರು ಕಣಮ್ಮ, ಅವರೆಕಾಳಿಂದು!"

ಹೌದು ನೋಡವ್ವ, ಅದು ಅವರೆಕಾಳು. ಹೋದ ವರ್ಷ ನೀವು ಬಂದ ಹೊಸದರಲ್ಲಿ ಅವರು ಡಬ್ಬಿಯಲ್ಲಿ ತಂದುಕೊಟ್ಟದ್ದು, ನೀನು ಮುಚ್ಚಳ ತೆಗೆದು, ಲವಂಗ ಚಕ್ಕೆ ಬೆಳ್ಳುಳ್ಳಿಯ ವಾಸನೆಗೆ ಹೆದರಿ ಹಾಗೇ ವಾಪಸ್ಸು ಕೊಟ್ಟದ್ದು. ನೀನು ಇಂಥದ್ದು ಅಂದದ್ದು ಬಾಡಿನ ಸಾರಿಗೆ. ಅವರು ಕೇಳಿಸಿಕೊಂಡದ್ದು ಇಂಥವರ ಮನೆಯದು ಅಂತ. ಒಂದೇ ಒಂದು ಮಾತು, ಬೀದಿಯ ಬಾಯಿಗೆಲ್ಲ ಬೀಗ! ಅದೇ ಸಂಜೆ ಅವರು ಬಿಸಿಬಿಸಿ ಸಾರು ಮಾಡಿ ಅದೇ ಡಬ್ಬಿಯಲ್ಲಿ ತಂದರು. ಮುಚ್ಚಳ ತೆಗೆದಾಗ ನಿಜ ಹೇಳಲಾ, ನನ್ನ ಮೂಗೂ ನಿನ್ನ ಪರವಾಗಿಯೇ ಸಾಕ್ಷಿ ಹೇಳಿತು. ಒಂದು ಹೆಜ್ಜೆ ಹಿಂದೆ ಸರಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಸೌಟು ಹಾಕಿ ಮೊಗೆದೆ. ಸಿಪ್ಪೆ ಬಿಟ್ಟ ಅವರೆಬೇಳೆ, ಬೆಣ್ಣೆಯ ಹಾಗೆ ಬೆಂದಿತ್ತು. ನಾನು ನಕ್ಕೆ, ಅವರು ನಕ್ಕರು, ಆಮೇಲೆ ಇಬ್ಬರೂ ಅತ್ತೆವು. ನಿನ್ನ ಗಂಡ ಮೂರು ಸಲ ಹಾಕಿಸಿಕೊಂಡು ಉಂಡು, ಒಂದು ವರ್ಷದಿಂದ ಇದನ್ನು ಬಿಟ್ಟಿದ್ದೆನಲ್ಲ ಅಂತ ಮರುಗಿದ.

ಆ ಡಬ್ಬಿಯ ವಿಷಯ ನಿನಗೆ ಹೇಳಲೇಬೇಕು. ಅವರ ಮನೆಯಲ್ಲಿ ಬಾಡು ಮಾಡುತ್ತಾರೆ, ಅದಕ್ಕೇ ನಿನಗೋಸ್ಕರ ಅಂತ ಹೊಸ ಸ್ಟೀಲ್ ಡಬ್ಬಿ ಕೊಂಡಿದ್ದರಂತೆ. ನೀನು ವಾಪಸ್ಸು ಕೊಟ್ಟ ಮೇಲೂ ಅದಕ್ಕೆ ಬೇರೆ ಏನೂ ಹಾಕದೆ ಮೇಲಿನ ಹಲಗೆಯಲ್ಲಿ ಎತ್ತಿಟ್ಟಿದ್ದಾರೆ. ಯಾಕಮ್ಮ ಅಂದರೆ, "ಇನ್ನೊಂದ್ ಸಲ ಕೊಡೋಣ ಅಂತಿತ್ತು, ಧೈರ್ಯ ಬರ್ಲಿಲ್ಲ" ಅಂದರು.

ಮರುದಿನದಿಂದ ನನ್ನ ಮಧ್ಯಾಹ್ನಗಳೆಲ್ಲ ಅವರ ಜಗಲಿಯ ಮೇಲೆಯೇ. ನೆನೆಸಿದ ಅವರೆಕಾಳಿನ ರಾಶಿಯ ಸುತ್ತ ಬೀದಿಯ ಹೆಂಗಸರೆಲ್ಲ ಕೂತು, ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುತ್ತೇವೆ. ನಾನು ಹಿತುಕಿದ ಮೊದಲ ಕಾಳು ಹಾರಿ ವೆಂಕಟರಮಣಪ್ಪನವರ ಕನ್ನಡಕಕ್ಕೆ ಬಡಿಯಿತು. ಪಾಪ, ಅವರು ಪೇಪರ್ ಓದುತ್ತಿದ್ದರು. ಅಲ್ಲಿ ಕೂತರೆ ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಹಸು ಕರು ಹಾಕಿತು, ಯಾವ ಹೊಲ ಸೈಟಾಯಿತು, ಎಲ್ಲಾ ತಿಳಿಯುತ್ತದೆ. ನಿನ್ನ ಕೂಸು ಹೆಣ್ಣೋ ಗಂಡೋ, ಯಾರ ಬಣ್ಣ, ತಲೆಯಲ್ಲಿ ಕೂದಲು ಎಷ್ಟಿದೆ ಅಂತ ನನ್ನನ್ನು ಕೇಳದವರಿಲ್ಲ. ಅವರೆಲ್ಲ ನಿನ್ನ ಮೇಲೆ ಸಿಟ್ಟಾಗಿದ್ದರು ಅಂದುಕೊಂಡಿದ್ದೆ. ನೀನು ಅವರನ್ನು ಕೀಳಾಗಿ ಕಂಡೆ ಅಂತ ನೊಂದಿದ್ದರು, ಅಷ್ಟೇ.

ನೀನು ಬಂದರೆ ಎಲ್ಲೆಲ್ಲಿ ಕರೆದುಕೊಂಡು ಹೋಗಬೇಕು ಅಂತ ನಾನು ಲೆಕ್ಕ ಹಾಕಿಬಿಟ್ಟಿದ್ದೇನೆ. ಮೊದಲು ಕೆರೆ ಕೋಡಿಯ ಹತ್ತಿರದ ಲಕ್ಷ್ಮಯ್ಯನ ಹೋಟೆಲು. ಅಲ್ಲಿ ಚೌಚೌಬಾತ್ ಅಂತ ಬರೆದಿತ್ತು, ಸೀಮೆಬದನೆಕಾಯಿಗೂ ಚೌಚೌ ಅನ್ನುತ್ತಾರಲ್ಲ, ಅದರ ಅನ್ನ ಇರಬೇಕು ಅಂತ ತರಲು ಹೇಳಿದೆ. ತಟ್ಟೆಯ ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಕೇಸರಿಬಾತು ಬಂತು! ಬದನೆಕಾಯಿ ಎಲ್ಲಿ ಅಂತ ಕೇಳಿದ್ದಕ್ಕೆ ಲಕ್ಷ್ಮಯ್ಯ ಇವತ್ತಿಗೂ ನನ್ನನ್ನು ಕಂಡರೆ, "ಅಮ್ಮೋರೆ, ಬದ್ನೆಕಾಯಿ ಇನ್ನೂ ಬಂದಿಲ್ಲ" ಅನ್ನುತ್ತಾನೆ. ಅಲ್ಲಿಂದ ಕೆರೆ ಏರಿ ಮೇಲೆ ಸಂಜೆ ನಡೆಯಬೇಕು. ಊರ ಕಡೆ ಒಂದು ಮೂಲೆಯಲ್ಲಿ ನೀರು ನಾರುತ್ತದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗ ದಾಟಿಬಿಡು. ಮುಂದೆ ಹಕ್ಕಿಗಳು ಇಳಿಯುವುದನ್ನು ನೋಡುತ್ತಾ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಭಾನುವಾರ ಶಿವರಾಜ ಸ್ಕೂಟರ್ ಮೇಲೆ ವೈಟ್‌ಫೀಲ್ಡಿಗೆ ಕರೆದುಕೊಂಡು ಹೋಗಿದ್ದ. ಹಳೆಯ ಹೆಂಚಿನ ಮನೆಗಳು, ಗುಲಾಬಿ ತೋಟ. ಗೌನು ಹಾಕಿದ ಅಜ್ಜಿಯೊಬ್ಬರು ಗೇಟಿನಲ್ಲಿ ನಿಂತು, "ಒಳಗೆ ಬಂದು ನೋಡಿ, ಹೂವಿಗೇನು ಟಿಕೆಟ್ಟಾ" ಅಂತ ಚೊಕ್ಕ ಕನ್ನಡದಲ್ಲಿ ಕರೆದರು. ಅಲ್ಲಿನ ಬೇಕರಿಯಲ್ಲಿ ಮೊಟ್ಟೆ ಇಲ್ಲದ್ದು ಕೊಡಪ್ಪ ಅಂದದ್ದಕ್ಕೆ ದಿಲ್‌ಪಸಂದ್ ಕೊಟ್ಟ, ಒಳಗೆಲ್ಲ ಕೊಬ್ಬರಿ, ನಮ್ಮ ಹೋಳಿಗೆಯ ಸೋದರ ಸಂಬಂಧಿ. ಇನ್ನು ಕೂಸಿಗೆ ಸೂಜಿ ಹಾಕಿಸಲು ಮಾರತ್ತಹಳ್ಳಿಯಲ್ಲಿ ಒಳ್ಳೆಯ ಮಕ್ಕಳ ಡಾಕ್ಟರಮ್ಮ ಇದ್ದಾರೆ, ಮುನಿರತ್ನಮ್ಮನೇ ಜೊತೆಗೆ ಬರುತ್ತಾರಂತೆ. ಬಸ್ಸಿನಲ್ಲಿ ಅವರಿದ್ದರೆ ಸೀಟು ಗ್ಯಾರಂಟಿ, ಕಂಡಕ್ಟರೂ ಹೆದರುತ್ತಾನೆ.

ಮನೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ವೆಂಕಟರಮಣಪ್ಪನವರು ಬರೆಸಿದ ಟು ಲೆಟ್ ಬೋರ್ಡನ್ನು ಅವರ ಹೆಂಡತಿ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದಾರೆ. ಆದರೂ ತಿಂಗಳ ಕೊನೆಗೆ ಹೌದು ಅಲ್ಲ ಅಂತ ಒಂದು ಮಾತು ಹೇಳಬೇಕು. ನಿನ್ನ ಮೇಲೆ ಒತ್ತಾಯವಿಲ್ಲ. ಮನಸ್ಸು ಒಪ್ಪಿದರೆ ಮಾತ್ರ ಬಾ.

ಕೂಸಿಗೆ ದೃಷ್ಟಿ ತೆಗೆ, ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಚನ್ನಬಸಮ್ಮ

ತಾ.ಕ.: ಶಿವರಾಜ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಲು ಸ್ಕೂಟರ್ ಶುರು ಮಾಡಿಕೊಂಡು ನಿಂತಿದ್ದಾನೆ. ಬರೆಯಬೇಕಾದ್ದನ್ನೇ ಬರೆಯದೆ ಅಂಟು ಹಚ್ಚುತ್ತಿದ್ದೆ. ನೀನು ಬಂದ ಮೇಲೆ ನಾನು ರಾಣೆಬೆನ್ನೂರಿಗೆ ಹೋಗುವುದು ಅಂತ ಮೊದಲೇ ಮಾತಾಗಿದೆಯಲ್ಲ, ನನಗೆ ಹೋಗಲು ಇಷ್ಟವಿಲ್ಲ ಹೇಮಾ. ಅಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಅಲ್ಲಿ ನಾನು ಅಮರೇಶನ ಅವ್ವ, ಅದಕ್ಕೆ ಮುಂಚೆ ನಿಮ್ಮ ಮಾವನ ಹೆಂಡತಿ. ಇಲ್ಲಿ ಜಗಲಿಯಿಂದ "ಚನ್ನಬಸಮ್ಮೋರೆ, ಬನ್ರೀ" ಅಂತ ನನ್ನ ಹೆಸರು ಹಿಡಿದು ಕೂಗುತ್ತಾರೆ. ನಾನೂ ನಿಮ್ಮ ಜೊತೆ ಇರಲಾ? ಇರಿ ಅಂತ ನೀನೇ ಬರೆದರೆ ಇರುತ್ತೇನೆ. ಆ ಡಬ್ಬಿ ಈಗ ನಮ್ಮ ಅಡುಗೆಮನೆಯಲ್ಲಿದೆ, ತೊಳೆದು ಒರೆಸಿಟ್ಟಿದ್ದೇನೆ. ಖಾಲಿ ಕೊಡುವ ಹಾಗಿಲ್ಲ, ನಾನು ತುಂಬಿದರೆ ಲೆಕ್ಕಕ್ಕಿಲ್ಲ. ನಿನ್ನ ಕೈಯ ಶೇಂಗಾ ಹೋಳಿಗೆಯೇ ಆಗಬೇಕು. ಹೂರಣ ನಾನು ಕುಟ್ಟಿಕೊಡುತ್ತೇನೆ, ನೀನು ಲಟ್ಟಿಸು. ಅಷ್ಟು ಹೊತ್ತು ಕೂಸನ್ನು ಮುನಿರತ್ನಮ್ಮ ಎತ್ತಿಕೊಂಡಿರುತ್ತಾರೆ, ಈಗಲೇ ಕೇಳಿಟ್ಟಿದ್ದೇನೆ.